ಕಾರ್ಡ್ ಲೇಔಟ್‌ಗೆ ಕನ್ನಡ ಬರಹ ಕತ್ತರಿಸುವ ಮೊದಲು ಇದನ್ನ ಓದಿ

ಪಿಎಚ್‌ಪಿಯಲ್ಲಿ ಡೇಟಾಬೇಸ್‌ನಿಂದ ಕನ್ನಡ ಬರಹ ತೆಗೆದು ತೋರಿಸುವವರು ದಯವಿಟ್ಟು ಅದನ್ನು ಕತ್ತರಿಸಲು ಸಬ್‌ಸ್ಟರ್ (substr) ಫಂಕ್ಷನ್ ಬಳಸಬೇಡಿ. ನನ್ನದು ಒಂದು ವಾರ ಇದರಲ್ಲೇ ಹೋಯಿತು.

ಒಂದು ಚಿಕ್ಕ ಗ್ರಂಥಾಲಯಕ್ಕೆ ಸೈಟ್ ಮಾಡಿಕೊಟ್ಟಿದ್ದೆ. ಟೇಬಲ್ ಒಂದೇ, ಕ್ವೆರಿ ಒಂದೇ, ಪುಸ್ತಕಗಳನ್ನು ಬೇಕಾದರೆ ಪಟ್ಟಿಯಾಗಿ ನೋಡಬಹುದು, ಬೇಕಾದರೆ ಸಾಲಿಗೆ ಮೂರರಂತೆ ಕಾರ್ಡ್‌ಗಳಾಗಿ. ಪಟ್ಟಿಯಲ್ಲಿ ಪೂರ್ತಿ ವಿವರ ಬರುತ್ತಿತ್ತು. ಕಾರ್ಡ್‌ನಲ್ಲಿ ಜಾಗ ಕಮ್ಮಿ ಅಲ್ವಾ, ಅದಕ್ಕೆ ಸಬ್‌ಸ್ಟರ್‌ಗೆ 100 ಅಂತ ಕೊಟ್ಟು ಕತ್ತರಿಸಿ, ಬರಹದೊಳಗಿನ ಟ್ಯಾಗ್‌ಗಳನ್ನು ಬರೀ ಅಕ್ಷರವಾಗಿ ತೋರಿಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್‌ಗೆ (htmlspecialchars) ಹಾಕಿ ಪುಟಕ್ಕೆ ಎಕೋ ಮಾಡಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕೆಲವು ಕಾರ್ಡ್‌ಗಳ ಕೊನೆಗೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಂಡಿತ್ತು. ಫಾಂಟ್ ತೊಂದರೆ ಅಂದುಕೊಂಡೆ. ಸರ್ವರ್‌ಗೆ ಹಾಕಿದರೆ ಅವೇ ಕಾರ್ಡ್‌ಗಳು ಖಾಲಿ! ಪುಸ್ತಕದ ಹೆಸರಿದೆ, ಲೇಖಕರ ಹೆಸರಿದೆ, ವಿವರ ಇಲ್ಲ. ಪಕ್ಕದ ಕಾರ್ಡ್ ಮಾತ್ರ ಸರಿಯಾಗಿದೆ.

ಡೇಟಾಬೇಸ್ ನೋಡಿದೆ, ಕ್ಯಾರೆಕ್ಟರ್ ಸೆಟ್ ನೋಡಿದೆ, ಎಲ್ಲ ಸರಿ ಇತ್ತು. ತಪ್ಪು ಇದ್ದದ್ದು ಕತ್ತರಿಯಲ್ಲಿ. ಸಬ್‌ಸ್ಟರ್ ಎಣಿಸುವುದು ಬೈಟ್, ಅಕ್ಷರ ಅಲ್ಲ. ಬರಹವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಖಾಲಿ ಜಾಗಕ್ಕೆ 1. 'ಪುಸ್ತಕ' ಅನ್ನುವ ಪದ ಕಣ್ಣಿಗೆ ಮೂರಕ್ಷರ, ಒಳಗೆ ಉಕಾರ, ಅರ್ಧಾಕ್ಷರದ ಚಿಹ್ನೆ ಎಲ್ಲ ಸೇರಿ 6 ಚಿಹ್ನೆ, 18 ಬೈಟ್. ಹಾಗಾಗಿ ನೂರನೇ ಬೈಟ್ ಕೆಲವು ಸಲ ಅಕ್ಷರದ ಅಂಚಿಗೆ ಬರುತ್ತದೆ, ಜಾಸ್ತಿ ಸಲ ಅಕ್ಷರದ ನಡುವೆ. ಹೀಗೆ ಮುರಿದ ಬೈಟ್ ಕಂಡರೆ ಹಳೆಯ ಪಿಎಚ್‌ಪಿಯ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಏನೂ ಹೇಳದೆ ಪೂರ್ತಿ ಬರಹವನ್ನೇ ಖಾಲಿ ಮಾಡಿಬಿಡುತ್ತದೆ. ಪಿಎಚ್‌ಪಿ 8.1ರಿಂದ ಮಾತ್ರ ಮುರಿದ ಜಾಗಕ್ಕೆ ಆ ವಜ್ರದ ಗುರುತು ಹಾಕುತ್ತದೆ. ನನ್ನಲ್ಲಿದ್ದದ್ದು 8.1, ಸರ್ವರ್‌ನಲ್ಲಿ 7.4.

ಇದೆಲ್ಲ ಗೊತ್ತಾಗುವ ಮೊದಲೇ ನಾನು ದೊಡ್ಡ ತಪ್ಪು ಮಾಡಿದ್ದೆ. ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ತೆಗೆದರೆ ವಿವರ ಕಾಣುತ್ತಿತ್ತು, ತೆಗೆದುಬಿಟ್ಟೆ. ನಾಲ್ಕು ದಿನಕ್ಕೆ ಯಾರೋ ಬೇರೆ ಪುಟದಿಂದ ಡಿವ್ ಟ್ಯಾಗ್ ಸಮೇತ ವಿವರ ತಂದು ಅಂಟಿಸಿದರು, ನನ್ನ ಕತ್ತರಿಗೆ ಅದರ ಮುಚ್ಚುವ ಟ್ಯಾಗ್ ಹಾರಿಹೋಯಿತು, ಅಲ್ಲಿಂದ ಮುಂದಿನ ಕಾರ್ಡ್‌ಗಳೆಲ್ಲ ಒಂದೇ ಡಬ್ಬಿಯೊಳಗೆ ತುರುಕಿಕೊಂಡವು. ಅದೇ ದಾರಿಯಲ್ಲಿ ಯಾರಾದರೂ ಸ್ಕ್ರಿಪ್ಟ್ ಹಾಕಿದ್ದರೆ? ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ. ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಅನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ಬೈಟ್ ಬದಲು ಚಿಹ್ನೆ ಎಣಿಸಿ ಕತ್ತರಿಸುವ ಎಂಬಿ ಸಬ್‌ಸ್ಟರ್ (mb_substr) ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ಬೈಟ್ ಮುರಿಯುವುದಿಲ್ಲ ನಿಜ, ಆದರೆ ಒತ್ತಕ್ಷರ ಮುರಿಯುತ್ತದೆ. 'ಪುಸ್ತಕ' ನಾಲ್ಕನೇ ಚಿಹ್ನೆಗೆ ನಿಂತರೆ 'ಪುಸ್' ಆಗುತ್ತದೆ. ಓದುವವರಿಗೆ ಅದು ಕನ್ನಡ ಬಾರದವರು ಮಾಡಿದ ಸೈಟ್ ಥರ ಕಾಣುತ್ತದೆ, ನನಗೆ ಅದು ಸಹಿಸಲಾಗಲಿಲ್ಲ. ಈಗ ಪೂರ್ತಿ ವಿವರ ಕಳಿಸಿ, ಸಿಎಸ್‌ಎಸ್‌ನ ಲೈನ್ ಕ್ಲ್ಯಾಂಪ್‌ನಿಂದ ಮೂರು ಸಾಲಿಗೆ ನಿಲ್ಲಿಸುತ್ತಿದ್ದೇನೆ. ಪಿಎಚ್‌ಪಿಯಲ್ಲೇ ಕತ್ತರಿಸಬೇಕು ಅಂದರೆ ಎಂಬಿ ಸಬ್‌ಸ್ಟರ್ ಆದ ಮೇಲೆ ಕೊನೆಯ ಖಾಲಿ ಜಾಗ ಹುಡುಕಿ, ಅಲ್ಲಿಗೆ ನಿಲ್ಲಿಸಿ. ಆಮೇಲೆ ಒತ್ತಕ್ಷರ ತುಂಬಿದ ಒಂದು ಉದ್ದನೆ ವಿವರ ಹಾಕಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ, ಸರ್ವರ್‌ನಲ್ಲೇ ಎಲ್ಲ ಲೇಔಟ್ ತೆರೆದು ನೋಡಿ.