ಪಿಆರ್‌ಎಸ್ ಎಸ್‌ಇ 245: ಕೋರ್ಟಿನಲ್ಲಿ ಉಳಿದುಕೊಂಡ ಆಕಾರ

ಗಿಬ್ಸನ್ ಕಂಪನಿಯ ಹೆಸರಾಂತ ಎಲೆಕ್ಟ್ರಿಕ್ ಗಿಟಾರ್ ಲೆಸ್ ಪಾಲ್ ತರಹದ ದಪ್ಪ, ತುಂಬು ಸದ್ದು ಬೇಕು, ಆದರೆ ಗಿಬ್ಸನ್‌ಗೆ ಕೊಡುವಷ್ಟು ದುಡ್ಡಿಲ್ಲ ಅನ್ನುವವರು ಪಿಆರ್‌ಎಸ್ (ಪಾಲ್ ರೀಡ್ ಸ್ಮಿತ್) ಕಂಪನಿಯ ಈ ಗಿಟಾರ್ ಒಮ್ಮೆ ಕೈಗೆತ್ತಿಕೊಳ್ಳಲೇಬೇಕು. ಮಹಾಗನಿ ಬಾಡಿ, ಮೇಲೆ ಮೇಪಲ್, ಎರಡು ಹಂಬಕರ್ (ತಂತಿಯ ಸದ್ದು ಹಿಡಿಯುವ ಪಿಕಪ್), 22 ಫ್ರೆಟ್. ಸ್ಕೇಲ್ (ಮೀಟಿದಾಗ ಕಂಪಿಸುವ ತಂತಿಯ ಉದ್ದ) 24.5 ಇಂಚು, ಅಂದರೆ ತಂತಿ ಅಷ್ಟು ಬಿಗಿಯಾಗಿರುವುದಿಲ್ಲ, ತಂತಿ ಎಳೆದು ಸ್ವರ ಏರಿಸುವ ಬೆಂಡ್ ಸಲೀಸು. ನೆಕ್ ಮಾತ್ರ ದಪ್ಪ, ಕೈ ಚಿಕ್ಕದಿದ್ದರೆ ನುಡಿಸಿ ನೋಡಿಯೇ ಕೊಳ್ಳಿ. ನೆಕ್ ಪಿಕಪ್ ಹಾಕಿ, ಟೋನ್ ಸ್ವಲ್ಪ ಇಳಿಸಿ, ನಿಧಾನಕ್ಕೆ ಬ್ಲೂಸ್ ನುಡಿಸಿದರೆ ಒಂದೊಂದು ಸ್ವರವೂ ನಿಂತು ಕೇಳಿಸುತ್ತದೆ. ನನಗಂತೂ ಅಷ್ಟಕ್ಕೇ ಕೊಟ್ಟ ದುಡ್ಡು ಬಂತು.

ಆದರೆ ಎಸ್‌ಇ 245ರ ಬಾಡಿಯ ಈ ಆಕಾರ ಅಂಗಡಿಯಲ್ಲಿ ಸಿಗದೇ ಹೋಗಬಹುದಿತ್ತು. 2000ದಲ್ಲಿ ಪಿಆರ್‌ಎಸ್ ಕಂಪನಿ ಅಮೆರಿಕದಲ್ಲಿ ಸಿಂಗಲ್‌ಕಟ್ ಅನ್ನುವ ಮಾಡೆಲ್ ಬಿಟ್ಟಿತು. ಇದಕ್ಕೂ ಲೆಸ್ ಪಾಲ್ ಹಾಗೆಯೇ, ನೆಕ್ ಸೇರುವ ಕಡೆ ಒಂದೇ ಬದಿಯಲ್ಲಿ ಕಟ್ (ಒಳಕ್ಕೆ ಕೊರೆದ ಭಾಗ) ಇರುವ ಬಾಡಿ. ಲೆಸ್ ಪಾಲ್ ಬಂದದ್ದು 1952ರಲ್ಲಿ, ಗಿಬ್ಸನ್ ಅದರ ಬಾಡಿ ಆಕಾರಕ್ಕೆ ಟ್ರೇಡ್‌ಮಾರ್ಕ್ ಪಡೆದದ್ದು 1993ರಲ್ಲಿ. ನಡುವೆ ನಲವತ್ತು ವರ್ಷ! ಗಿಬ್ಸನ್ ಕೇಸ್ ಹಾಕಿತು, 2004ರಲ್ಲಿ ಕೋರ್ಟು ಸಿಂಗಲ್‌ಕಟ್ ತಯಾರಿಕೆ, ಮಾರಾಟ ಎರಡನ್ನೂ ನಿಲ್ಲಿಸಿತು. ಮರುವರ್ಷ ಮೇಲ್ಮನವಿ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಕೊಳ್ಳುವ ಹೊತ್ತಿಗೆ ಗಿರಾಕಿಗೆ ಯಾವ ಗೊಂದಲವೂ ಇರುವುದಿಲ್ಲ ಅಂತ ಗಿಬ್ಸನ್ನೇ ಒಪ್ಪಿಕೊಂಡಿತ್ತು. ಹೊಗೆ ತುಂಬಿದ ಬಾರ್‌ನಲ್ಲಿ ದೂರದಿಂದ ನೋಡಿದವನಿಗೆ ಇದು ಗಿಬ್ಸನ್ ಅನ್ನಿಸಬಹುದು ಅನ್ನುವ ವಾದ ಉಳಿದಿತ್ತು, ಜಡ್ಜ್‌ಗಳು ಅದನ್ನು ಒಪ್ಪಲಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲೂ ಇಲ್ಲ.

ಈ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಬಾಡಿಯ ಆ ಕಟ್ ಬರೀ ಚಂದಕ್ಕಲ್ಲ, ಮೇಲಿನ ಫ್ರೆಟ್‌ಗಳಿಗೆ ಕೈ ತಲುಪಲಿ ಅಂತ ಇರುವುದು, ಅದನ್ನು ಒಬ್ಬರೇ ಇಟ್ಟುಕೊಳ್ಳುವುದು ಹೇಗೆ? ಇನ್ನೊಂದು ವಿಷಯ: ಲೆಸ್ ಪಾಲ್ ಗಿಟಾರ್ ಹುಟ್ಟಿದಾಗ ಗಿಬ್ಸನ್ ಅಧ್ಯಕ್ಷರಾಗಿದ್ದ ಟೆಡ್ ಮೆಕಾರ್ಟಿ, ವಯಸ್ಸಾದ ಮೇಲೆ ಪಿಆರ್‌ಎಸ್ ಕಟ್ಟಿದ ಪಾಲ್ ರೀಡ್ ಸ್ಮಿತ್‌ಗೆ ಗುರುವಿನ ಹಾಗಿದ್ದರು. ತಿಳಿವಳಿಕೆ ಹೀಗೇ ಅಲ್ವಾ ಕೈಯಿಂದ ಕೈಗೆ ಹೋಗುವುದು? ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್ ವಿಷಯದಲ್ಲೂ, ಆಕಾರದ ಹಕ್ಕು ಒಬ್ಬರಿಗೇ ಸಿಗಲಿಲ್ಲ. 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಫೆಂಡರ್‌ಗೆ ಬಾಡಿ ಆಕಾರದ ಹಕ್ಕು ಕೊಡಲಿಲ್ಲ, ಅಷ್ಟರಲ್ಲಾಗಲೇ ಎಷ್ಟೋ ಕಂಪನಿಗಳು ಅದೇ ಆಕಾರ ಮಾಡುತ್ತಿದ್ದವು. ಇವತ್ತು ಕಡಿಮೆ ದುಡ್ಡಿಗೆ ಕಲಿಯುವವರ ಕೈಗೆ ಒಳ್ಳೆಯ ಗಿಟಾರ್ ಬರುತ್ತಿರುವುದಕ್ಕೆ ಇದೂ ಒಂದು ಕಾರಣ.

ಹೆಸರು ಮತ್ತು ಹೆಡ್‌ಸ್ಟಾಕ್ (ನೆಕ್‌ನ ತುದಿಯಲ್ಲಿ ಲೋಗೋ ಇರುವ ಭಾಗ) ವಿಷಯ ಬೇರೆ. ಬೇರೆಯವರ ಲೋಗೋ ಅಂಟಿಸಿ ಮಾರುವುದು ಶುದ್ಧ ಮೋಸ, ಅದಕ್ಕೆ ಶಿಕ್ಷೆ ಆಗಲೇಬೇಕು. ಎಸ್‌ಇ 245ರಲ್ಲಿ ಆ ಗೊಂದಲವೇ ಇಲ್ಲ: ಹೆಡ್‌ಸ್ಟಾಕ್ ಪಿಆರ್‌ಎಸ್‌ನದ್ದೇ, ಫ್ರೆಟ್‌ಬೋರ್ಡ್ ಮೇಲೆ ಅವರದೇ ಹಕ್ಕಿ ಚಿತ್ರಗಳು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೂ ತೊಂದರೆಯಿಲ್ಲ, ಫ್ರೆಟ್ ಎಷ್ಟು ಸವೆದಿದೆ ನೋಡಿಕೊಳ್ಳಿ, ಒಂದು ಸೆಟಪ್ (ನೆಕ್, ತಂತಿಯ ಎತ್ತರ ಸರಿಪಡಿಸುವುದು) ಮಾಡಿಸಿ.