ಮ್ಯಾಕ್ರೋಬಯೋಟಿಕ್ ಊಟ ಶುರು ಮಾಡೋ ಸಸ್ಯಾಹಾರಿಗಳೇ, ಒಂದು ನಿಮಿಷ

ಎಂಟು ತಿಂಗಳು ನಾನು ಮೊಸರು ಮುಟ್ಟಲಿಲ್ಲ. ಮೊಸರನ್ನ ಇಲ್ಲದೆ ಊಟ ಮುಗಿಸಿ ಗೊತ್ತಿಲ್ಲದವಳು!

ಇರುವುದು ಬಾಸ್ಟನ್‌ನಲ್ಲಿ. ಜಪಾನಿನ ಜಾರ್ಜ್ ಒಸಾವಾ ಹೇಳಿಕೊಟ್ಟ ಈ ಊಟದ ಪದ್ಧತಿಯನ್ನು ಅವರ ಶಿಷ್ಯ ಮಿಚಿಯೋ ಕುಶಿ ಬೆಳೆಸಿದ್ದು ಇಲ್ಲೇ. ನನಗೆ ಆಸಿಡಿಟಿ ಜಾಸ್ತಿ ಇತ್ತು. ಗೆಳತಿಯೊಬ್ಬಳು ಒಬ್ಬ ಸಲಹೆಗಾರರ ಹತ್ತಿರ ಕಳಿಸಿದಳು.

ಅರ್ಧ ತಟ್ಟೆ ತೌಡು ತೆಗೆಯದ ಅಕ್ಕಿಯ ಅನ್ನ, ಬೇಯಿಸಿದ ತರಕಾರಿ, ಸ್ವಲ್ಪ ಕಾಳು, ಮಿಸೋ (ಹುದುಗಿಸಿದ ಸೋಯಾ ಪೇಸ್ಟ್) ಸೂಪು, ಕಡಲಪಾಚಿ. ಆಲೂಗಡ್ಡೆ, ಟೊಮೆಟೊ, ಮಾವು, ಸಕ್ಕರೆ ಎಲ್ಲದರಲ್ಲೂ 'ಯಿನ್' (ತಂಪು ಗುಣ, ಇದು 'ಯಾಂಗ್' ಅನ್ನೋ ಬಿಸಿ ಗುಣದ ಜೊತೆ ಸಮತೋಲನದಲ್ಲಿರಬೇಕಂತೆ) ಜಾಸ್ತಿಯಂತೆ, ಬೇಡ. ಬದನೆಕಾಯಿಯೂ ಬೇಡ. (ಎಣ್ಣೆಗಾಯಿ ಬಿಟ್ಟಿದ್ದು ಈಗಲೂ ಹೊಟ್ಟೆ ಉರಿಸುತ್ತೆ.) ಹಾಲು, ಮೊಸರಂತೂ ದೂರ. ಒಂದೊಂದು ತುತ್ತನ್ನೂ 50 ಸಲ ಅಗಿಯಬೇಕು.

ಸುಳ್ಳು ಹೇಳಲ್ಲ, ಎರಡೇ ತಿಂಗಳಲ್ಲಿ ಆಸಿಡಿಟಿ ಹೋಯ್ತು. ಅದಕ್ಕೇ ನಂಬಿದೆ.

ಆರನೇ ತಿಂಗಳಿಗೆ ನಾಲಿಗೆ ಉರಿ, ಪಾದದಲ್ಲಿ ಜೋಮು. ಸಲಹೆಗಾರರನ್ನು ಕೇಳಿದರೆ, "ಕಲ್ಮಶ ಹೊರಗೆ ಹೋಗ್ತಿದೆ, ಇನ್ನೂ ಚೆನ್ನಾಗಿ ಅಗಿಯಿರಿ" ಅಂದರು. ಅಗಿದೆ. ಒಂದು ರಾತ್ರಿ ಮೆಟ್ಟಿಲು ಇಳಿಯುವಾಗ ಕಾಲು ಎಲ್ಲಿಟ್ಟೆ ಅಂತಲೇ ತಿಳಿಯದೆ ಬಿದ್ದೆ.

ರಕ್ತ ಪರೀಕ್ಷೆಯಲ್ಲಿ ಬಿ12 (ನರಕ್ಕೂ ರಕ್ತಕ್ಕೂ ಬೇಕಾದ ವಿಟಮಿನ್) ಬರೀ 110. ಕನಿಷ್ಠ 200 ಇರಬೇಕಿತ್ತು. ಹಿಮೋಗ್ಲೋಬಿನ್ ಮಾತ್ರ ಸರಿಯಾಗೇ ಇತ್ತು. ಸೊಪ್ಪು, ಕಾಳಿನಲ್ಲಿರುವ ಫೋಲೇಟ್ ಅನ್ನೋ ಇನ್ನೊಂದು ವಿಟಮಿನ್ ಚೆನ್ನಾಗಿ ಸಿಕ್ಕರೆ ರಕ್ತಹೀನತೆ ಕಾಣಿಸಿಕೊಳ್ಳದೆ ಇರಬಹುದು, ಒಳಗೆ ನರ ಮಾತ್ರ ಹಾಳಾಗುತ್ತಾ ಹೋಗುತ್ತೆ ಅಂತ ಡಾಕ್ಟರ್ ವಿವರಿಸಿದರು. "ಪಾಚಿಯಲ್ಲಿ ಬಿ12 ಇದೆಯಲ್ವಾ?" ಅಂದೆ. ಅದರಲ್ಲಿ ಹೆಚ್ಚಿನದು ನಮ್ಮ ಮೈಗೆ ಬಳಸಿಕೊಳ್ಳಲು ಬಾರದ ಥರದ್ದಂತೆ.

ಆಮೇಲೆ ಕೂತು ಓದಿದಾಗ ನಿಜವಾದ ತಪ್ಪು ಹೊಳೆಯಿತು. ಊಟದಲ್ಲಿ ಬಿ12 ಸಿಗೋದು ಮುಖ್ಯವಾಗಿ ಮೀನು, ಹಾಲು, ಮೊಸರಿನಂಥ ಪ್ರಾಣಿಮೂಲದ ಆಹಾರದಿಂದ. ಕುಶಿಯವರ ಪಟ್ಟಿಯಲ್ಲಿ ವಾರಕ್ಕೆ ಒಂದೆರಡು ಸಲ ಮೀನಿಗೆ ಜಾಗ ಇದೆ. ನಾನು ಸಸ್ಯಾಹಾರಿ ಅಂತ ಸಲಹೆಗಾರರು ಮೀನು ತೆಗೆದರು, ಆ ಜಾಗಕ್ಕೆ ಏನನ್ನೂ ಹಾಕಲಿಲ್ಲ. ಮೀನೂ ಇಲ್ಲ, ಮೊಸರೂ ಇಲ್ಲ. ಸಮತೋಲನದ ಮಾತಾಡುವವರು ಮಾಡಿದ ಲೆಕ್ಕ ಇದು! "ಮೊಸರು ಬಿಟ್ಟೆಯೇನೇ?" ಅಂತ ಅಮ್ಮ ಫೋನಿನಲ್ಲಿ ಗಾಬರಿಯಾದಾಗ ನಕ್ಕಿದ್ದೆ.

ನೀವು ಈ ಊಟ ಮಾಡ್ತಿದ್ದರೆ ಡಾಕ್ಟರನ್ನು ಕೇಳಿ ಬಿ12 ಮಾತ್ರೆ ತಗೊಳ್ಳಿ, ಜೋಮು ಶುರುವಾಗೋವರೆಗೆ ಕಾಯದೆ ರಕ್ತ ಪರೀಕ್ಷೆ ಮಾಡಿಸಿ. ಮಕ್ಕಳಿಗೆ, ಬಸುರಿ ಬಾಣಂತಿಯರಿಗಂತೂ ಸುಮ್ನೆ ಪ್ರಯೋಗ ಮಾಡಬೇಡಿ. ನನಗೆ ಇಂಜೆಕ್ಷನ್ ಈಗಲೂ ನಡೀತಿದೆ. ತೌಡಕ್ಕಿ ಅನ್ನ ಉಳಿಸಿಕೊಂಡಿದ್ದೇನೆ, ಕೊನೆಗೆ ಮೊಸರು ಕಲಸಿಕೊಂಡು. ಎಡಗಾಲಿನ ಎರಡು ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ.