ಪದ, ಗಡಿಯಾರ, ದೃಶ್ಯ: ಒಂದೇ ಕಾದಂಬರಿಗೆ ಮೂರು ಅಳತೆ

ಜನವರಿ 1ರಂದು ಕಾದಂಬರಿಯ ಮೊದಲ ಸಾಲು ಬರೆದೆ. ನವೆಂಬರ್ 30ರಂದು ಕೊನೆಯ ಸಾಲು ಬಂತು. ಡಿಸೆಂಬರ್ ಪೂರ್ತಿ ಬರೆದದ್ದನ್ನು ಓದುವುದು, ಬೇಡದ್ದಕ್ಕೆ ಗೀಟು ಹಾಕುವುದು ಇದರಲ್ಲೇ ಹೋಯಿತು. ಬರೆದದ್ದು ಸುಮಾರು 1,15,000 ಪದ, ಉಳಿದದ್ದು 70,000. ಗೀಟು ಬಿದ್ದ 45,000 ಪದಗಳಲ್ಲಿ ಮುಕ್ಕಾಲು ಪಾಲು ಮೊದಲ ಮೂರೂವರೆ ತಿಂಗಳಿನವು ಎಂದು ತಿಳಿದಾಗ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಬರೆದವನೂ ನಾನೇ, ಕಥೆಯೂ ಅದೇ, ಮೇಜೂ ಅದೇ. ಬದಲಾಗಿದ್ದು ದಿನದ ಕೆಲಸವನ್ನು ಅಳೆಯುವ ರೀತಿ ಮಾತ್ರ. ಏಪ್ರಿಲ್ ಮಧ್ಯದವರೆಗೆ ಪದಗಳನ್ನು ಎಣಿಸಿದೆ, ಆಗಸ್ಟ್ ಕೊನೆಯವರೆಗೆ ಗಡಿಯಾರ ನೋಡಿ ಬರೆದೆ, ಆಮೇಲೆ ದೃಶ್ಯಗಳ ಲೆಕ್ಕ ಹಿಡಿದೆ. ಮುಂದಿನ ಕಾದಂಬರಿಗೆ ಕೂರುವ ಮೊದಲು ಈ ಮೂರನ್ನೂ ಎದುರುಬದುರು ಇಟ್ಟು ನೋಡಬೇಕು ಅನ್ನಿಸಿತು.

ಪದದ ಲೆಕ್ಕಕ್ಕೆ ದೊಡ್ಡ ಹೆಸರಿದೆ. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ದಿನಕ್ಕೆ 500 ಪದ ಬರೆದು ನಿಲ್ಲಿಸುತ್ತಿದ್ದ. 1999ರಲ್ಲಿ ಶುರುವಾದ ನವೆಂಬರ್ ತಿಂಗಳ ಕಾದಂಬರಿ ಸವಾಲಿನಲ್ಲಿ ಗುರಿ 30 ದಿನಕ್ಕೆ 50,000 ಪದ ಇತ್ತು, ಅಂದರೆ ದಿನಕ್ಕೆ ಸುಮಾರು 1,667. ಇವೆರಡರ ನಡುವೆ ನನಗೆ ನಿಲುಕುವಂಥದ್ದು ಎಂದು 600 ಇಟ್ಟುಕೊಂಡೆ. 105 ದಿನಗಳಲ್ಲಿ 88 ದಿನ ಕೂತು ಬರೆದೆ. ಪರದೆಯ ಕೆಳಮೂಲೆಯ ಅಂಕಿ 600 ದಾಟಿದಾಗ ಆಗುತ್ತಿದ್ದ ಸಂತೋಷ ಸುಳ್ಳಲ್ಲ. ಬರೆಯುವ ಅಭ್ಯಾಸವೇ ತಪ್ಪಿಹೋದವರಿಗೆ ಇದಕ್ಕಿಂತ ಒಳ್ಳೆಯ ಊರುಗೋಲು ಇಲ್ಲವೆಂದು ಈಗಲೂ ನಂಬುತ್ತೇನೆ.

ಆದರೆ ಒಂದು ವಿಷಯ ನನಗೆ ಹೊಳೆಯಲು ಮೂರು ತಿಂಗಳೇ ಬೇಕಾಯಿತು. ಆ ಅಂಕಿಗಳೆಲ್ಲ ಇಂಗ್ಲಿಷಿನವು. ಕನ್ನಡದ ಪದ ಬೇರೆಯೇ ಜಾತಿಯದು. 'ಬರಬೇಕಾಗಿತ್ತಂತೆ' ಎನ್ನುವುದು ನಮಗೆ ಒಂದು ಪದ. ಬರುವುದು, ಬರಲೇಬೇಕಾದದ್ದು, ಅದು ಹಿಂದೆ ನಡೆದದ್ದು, ಹಾಗೆಂದು ಯಾರೋ ಹೇಳಿದ್ದು, ಇಷ್ಟೂ ಅದರೊಳಗಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ ಬೇಕು. ಹಾಗಾಗಿ ಗ್ರೀನನ 500ಕ್ಕಿಂತ ಸ್ವಲ್ಪ ಹೆಚ್ಚು ಎಂದುಕೊಂಡು ನಾನು ಹೊತ್ತ 600 ಅವನ ಹೊರೆಗಿಂತ ಬಹಳ ಭಾರವಾದದ್ದು.

ಇನ್ನೊಂದು ಪರಿಣಾಮ ಇದಕ್ಕಿಂತ ಆಳವಾದದ್ದು. ಯಂತ್ರ ಪದ ಎಣಿಸುವುದು ನಡುವಿನ ಜಾಗ ನೋಡಿ. 'ಮನೆಯಲ್ಲಿಲ್ಲ' ಎಂದು ಬರೆದರೆ ಒಂದು, 'ಮನೆಯಲ್ಲಿ ಇಲ್ಲ' ಎಂದರೆ ಎರಡು. ಮಾರ್ಚಿಯಲ್ಲಿ ಬರೆದ ಪುಟಗಳನ್ನು ಡಿಸೆಂಬರಿನಲ್ಲಿ ಓದುವಾಗ ನನ್ನ ಸಂಧಿಗಳೆಲ್ಲ ಬಿಟ್ಟುಕೊಂಡಿದ್ದವು. ಬೇಕೆಂದು ಬಿಡಿಸಿದ್ದಲ್ಲ, ಕೈ ತಾನಾಗಿ ಕಲಿತುಬಿಟ್ಟಿತ್ತು. ಮಾತಿನ ಓಟವೇ ಮುರಿದಿತ್ತು. ವಾಕ್ಯಗಳಿಗೂ ಅದೇ ಗತಿ. ಏಳನೇ ಅಧ್ಯಾಯದಲ್ಲಿ ಹೀಗಿತ್ತು: 'ಅವಳು ನಿಧಾನವಾಗಿ ಎದ್ದು ನಿಂತು, ಬಾಗಿಲ ಕಡೆಗೆ ನಡೆದು ಹೋಗಿ, ಚಿಲಕವನ್ನು ತೆಗೆದು, ಹೊರಗೆ ನೋಡಿದಳು.' 12 ಪದ. ಈಗ ಅಲ್ಲಿರುವುದು 'ಎದ್ದು ಬಾಗಿಲು ತೆರೆದಳು', ಮೂರೇ ಪದ. ನಮ್ಮ ಭಾಷೆಯಲ್ಲಿ 'ಎದ್ದು, ಹೋಗಿ, ತೆಗೆದು, ನೋಡಿ' ಎಂದು ಕ್ರಿಯೆಯ ಹಿಂದೆ ಕ್ರಿಯೆ ಪೋಣಿಸುತ್ತಾ ಹೋಗುವುದು ತುಂಬ ಸುಲಭ. 600 ತುಂಬಬೇಕಾದ ಸಂಜೆ ಆ ಸೌಲಭ್ಯವೇ ಬಲೆಯಾಗುತ್ತದೆ. ಆ ಅವಧಿಯ 53,000 ಪದಗಳಲ್ಲಿ ಉಳಿದದ್ದು 19,000.

ಏಪ್ರಿಲ್ 16ರಿಂದ ಗಡಿಯಾರ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಅಂಚೆ ಇಲಾಖೆಯ ಕೆಲಸದಲ್ಲಿದ್ದ ವರ್ಷಗಳಲ್ಲೂ ಬೆಳಗ್ಗೆ 5.30ಕ್ಕೆ ಮೇಜಿಗೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದವನು, ಬಾಳಿನಲ್ಲಿ ಒಟ್ಟು 47 ಕಾದಂಬರಿ ಮುಗಿಸಿದವನು. ಅವನಿಂದ ಗಡಿಯಾರವನ್ನಷ್ಟೇ ತೆಗೆದುಕೊಂಡೆ, 250ರ ಲೆಕ್ಕ ಬಿಟ್ಟೆ. ದಿನಕ್ಕೆ 90 ನಿಮಿಷ. ಆ ಹೊತ್ತಿನಲ್ಲಿ ಬರೆಯಲೇಬೇಕೆಂದಿಲ್ಲ, ಆದರೆ ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಫೋನು ಬೇರೆ ಕೋಣೆಯಲ್ಲಿ.

ಮೊದಲ ವಾರ ಹಿಂಸೆ. ಎರಡನೇ ವಾರದಿಂದ ಸುಮ್ಮನೆ ಕೂರುವುದಕ್ಕೆ ಹೆದರಿಕೆ ಹೋಯಿತು. ನನ್ನ ಕಾದಂಬರಿ ಅಕ್ಕ ತಂಗಿಯರದು. ತಂದೆ ಬಿಟ್ಟುಹೋದ ಒಂದು ಪತ್ರದ ಸುತ್ತ ನಡೆಯುತ್ತದೆ. ತಂಗಿಗೆ ಆ ಪತ್ರ ಕಥೆಯ ನಡುವೆ ಸಿಗುತ್ತದೆ ಎಂದುಕೊಂಡಿದ್ದೆ. ಮೇ ತಿಂಗಳಲ್ಲಿ ಎರಡು ದಿನ ಸತತವಾಗಿ 90 ನಿಮಿಷ ಒಂದಕ್ಷರ ಬರೆಯದೆ ಕೂತೆ. ಎರಡನೇ ದಿನದ ಕೊನೆಯ ಹತ್ತು ನಿಮಿಷದಲ್ಲಿ ಹೊಳೆಯಿತು: ತಂಗಿಗೆ ಮೊದಲಿನಿಂದಲೂ ಗೊತ್ತಿದೆ. ಕಾದಂಬರಿಗೆ ಬೆನ್ನುಮೂಳೆ ಬಂದದ್ದು ಆ ಕ್ಷಣದಲ್ಲಿ. ಪದ ಎಣಿಸುತ್ತಿದ್ದರೆ ಆ ಎರಡು ದಿನ 1,200 ಪದ ಬರೆದು, ತಂಗಿಯ ಕೈಗೆ ಪತ್ರ ಕೊಟ್ಟು ಮುಂದೆ ಹೋಗಿಬಿಡುತ್ತಿದ್ದೆ.

ಇದೇ ತಿಂಗಳುಗಳಲ್ಲಿ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆಯ ರೂಢಿಯೊಂದನ್ನೂ ಜೊತೆಗೆ ಸೇರಿಸಿಕೊಂಡೆ. ಮುಂದೇನು ಎಂದು ಇನ್ನೂ ಗೊತ್ತಿರುವಾಗಲೇ ಅಂದಿನ ಬರವಣಿಗೆ ನಿಲ್ಲಿಸುತ್ತೇನೆ ಎಂದು ಅವನು 1958ರ ಸಂದರ್ಶನದಲ್ಲಿ ಹೇಳಿದ್ದಾನೆ. ಗಡಿಯಾರಕ್ಕೆ ಇದು ಹೇಳಿ ಮಾಡಿಸಿದ ಜೋಡಿ. ಗಂಟೆ ಬಾರಿಸಿದಾಗ ವಾಕ್ಯ ಅರ್ಧದಲ್ಲಿದ್ದರೂ ಏಳುತ್ತಿದ್ದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಅರ್ಧ ವಾಕ್ಯ ಇಡೀ ರಾತ್ರಿ ತಲೆಯಲ್ಲಿ ತೂಗಾಡುತ್ತಿರುತ್ತದೆ. ಮರುದಿನ ಅದನ್ನು ಮುಗಿಸುವ ನೆಪದಲ್ಲೇ ಬರವಣಿಗೆ ಹಿಡಿಯುತ್ತಿತ್ತು.

ಗಡಿಯಾರಕ್ಕೂ ಕೊರತೆ ಇದೆ. ಕೂತೆಯೋ ಇಲ್ಲವೋ ಎಂದು ಮಾತ್ರ ಅದು ಕೇಳುತ್ತದೆ, ಏನು ಮಾಡಿದೆ ಎಂದು ಕೇಳುವುದಿಲ್ಲ. ಜುಲೈನಲ್ಲಿ ಒಂದೇ ಪುಟವನ್ನು 11 ದಿನ ತಿದ್ದಿದೆ. ದಿನಚರಿಯಲ್ಲಿ 11 ದಿನವೂ ಸರಿ ಗುರುತು ಬಿದ್ದಿದೆ. ಆದರೂ 138 ದಿನಗಳಲ್ಲಿ 109 ದಿನ ಕೂತು ಬರೆದ 36,000 ಪದಗಳಲ್ಲಿ 28,000 ಉಳಿದವು.

ಸೆಪ್ಟೆಂಬರಿನಿಂದ ದೃಶ್ಯ. ಎಷ್ಟು ಪದವಾದರೂ ಆಗಲಿ, ಎಷ್ಟು ದಿನವಾದರೂ ಹಿಡಿಯಲಿ, ಒಂದು ದೃಶ್ಯ ಮುಗಿದರೆ ಒಂದು ಗುರುತು. ದೃಶ್ಯಕ್ಕೆ ನಾನು ಇಟ್ಟ ಪರೀಕ್ಷೆ ಒಂದೇ: ಶುರುವಿನಲ್ಲಿ ಇದ್ದದ್ದು ಕೊನೆಯಲ್ಲಿ ಹಾಗೆಯೇ ಇರಬಾರದು. ಅಕ್ಕ ತಂಗಿ ಕೂತು ಹಳೆಯದನ್ನು ನೆನೆದು ಎದ್ದರೆ ಅದು ಲೆಕ್ಕಕ್ಕಿಲ್ಲ. ನೆನೆಯುತ್ತಿರುವಾಗ ಅಕ್ಕ 'ಅಪ್ಪ ನಿನಗೇನಾದರೂ ಬರೆದಿದ್ದರೇನೆ?' ಎಂದು ಕೇಳಿ, ತಂಗಿ 'ಇಲ್ಲಕ್ಕಾ' ಎಂದರೆ ಅದು ದೃಶ್ಯ. ಆ ಒಂದು ಸುಳ್ಳಿನಿಂದ ಮುಂದಿನ ಪುಟಗಳು ಬೇರೆ ದಾರಿ ಹಿಡಿಯುತ್ತವೆ. 91 ದಿನಗಳಲ್ಲಿ 37 ದೃಶ್ಯ, 26,000 ಪದ. ಡಿಸೆಂಬರಿನಲ್ಲಿ ತೆಗೆದದ್ದು 3,000 ಮಾತ್ರ.

ಅಂಕಿ ನೋಡಿದರೆ ಗೆದ್ದದ್ದು ದೃಶ್ಯವೇ. ಉಳಿದ ಪದಗಳನ್ನು ಒಟ್ಟು ದಿನಗಳಿಗೆ ಹಂಚಿದರೆ ಪದದ ಲೆಕ್ಕಕ್ಕೆ ದಿನಕ್ಕೆ 181, ಗಡಿಯಾರಕ್ಕೆ 203, ದೃಶ್ಯಕ್ಕೆ 253 ಬರುತ್ತದೆ. ಆದರೆ ಇದು ಸಮಬಲದ ಪಂದ್ಯವಲ್ಲ. ಜನವರಿಯಲ್ಲಿ ಪಾತ್ರಗಳು ನನಗೆ ಅಪರಿಚಿತರು, ಸೆಪ್ಟೆಂಬರಿನಲ್ಲಿ ಮನೆಯವರು. ದೃಶ್ಯದ ಅಳತೆಯನ್ನು ಜನವರಿಯಲ್ಲೇ ಹಿಡಿದಿದ್ದರೆ ಮೊದಲ ದೃಶ್ಯದಲ್ಲೇ ಸಿಕ್ಕಿಬೀಳುತ್ತಿದ್ದೆ ಎಂದೇ ನನ್ನ ಅನುಮಾನ. ಏನು ಬದಲಾಗಬೇಕೆಂದು ಗೊತ್ತಾಗಲು ಏನಿದೆ ಎಂಬುದಾದರೂ ತಿಳಿದಿರಬೇಕು. ಜೊತೆಗೆ ದೃಶ್ಯ ಮುಗಿಯದ ದಿನಗಳಿಗೆ ಇದರಲ್ಲಿ ಯಾವ ಸಮಾಧಾನವೂ ಇಲ್ಲ. ಅಕ್ಟೋಬರಿನಲ್ಲಿ ಒಂಬತ್ತು ದಿನ ಸಾಲಾಗಿ ಗುರುತಿಲ್ಲದೆ ಹೋದಾಗ ಕಾದಂಬರಿಯನ್ನೇ ಕೈಬಿಡುವ ಯೋಚನೆ ಬಂದಿತ್ತು.

ಇನ್ನೊಂದು ನಷ್ಟ ಕೊನೆಗೆ ಓದಿದಾಗಲೇ ಕಂಡದ್ದು. ಕಾದಂಬರಿಯ ಕಡೆಯ ಮೂರನೇ ಭಾಗ ನಾಟಕದ ಹಾಗಿತ್ತು. ಎಲ್ಲರೂ ಬರುತ್ತಾರೆ, ಮಾತಾಡುತ್ತಾರೆ, ಏನೋ ಮುರಿಯುತ್ತದೆ, ಹೋಗುತ್ತಾರೆ. ಕಥೆಯೊಳಗೆ ಏಳು ತಿಂಗಳು ಕಳೆದರೂ ಒಂದು ಮಧ್ಯಾಹ್ನದ ಬೇಸರವಿಲ್ಲ, ಯಾರೂ ಕಾಯುವುದಿಲ್ಲ. ಕಾದಂಬರಿ ಓದುವವರಿಗೆ ಬೇಕಾದ ಆ ನಡುವಿನ ಕಾಲ ನನ್ನ ಪರೀಕ್ಷೆಯಲ್ಲಿ ಉದುರಿಹೋಗಿತ್ತು. ವಿಚಿತ್ರವೆಂದರೆ ಪದ ತುಂಬಿಸಲು ಬರೆದ ಪುಟಗಳಲ್ಲಿ ಅದು ಧಾರಾಳವಾಗಿತ್ತು. ಗೀಟು ಹಾಕಿದ 34,000 ಪದಗಳಿಂದ ಅಂಥ ನಾಲ್ಕಾರು ತುಣುಕುಗಳನ್ನು ಈಗ ಹಿಂದಕ್ಕೆ ತರುತ್ತಿದ್ದೇನೆ.

ಸಾಧನಗಳ ಬಗ್ಗೆ ಎರಡು ಮಾತು ಸಾಕು. ಕೀಲಿಮಣೆ ವೇಗದ್ದು, ಪೆನ್ನು ನಿಧಾನದ್ದು. ಸಂಧಿ ಬಿಡಿಸುವ ಚಟ ಪೆನ್ನು ಹಿಡಿದಾಗ ಒಮ್ಮೆಯೂ ಬರಲಿಲ್ಲ, ಏಕೆಂದರೆ ಕಾಗದ ಎಣಿಸುವುದಿಲ್ಲ. ದಾಸ್ತೋವ್ಸ್ಕಿ 1866ರಲ್ಲಿ 26 ದಿನಗಳಲ್ಲಿ ಒಂದು ಕಾದಂಬರಿಯನ್ನು ಬಾಯಲ್ಲೇ ಹೇಳಿ ಬರೆಸಿದ್ದನ್ನು ನೆನೆದು ನಾನೂ ಫೋನಿಗೆ ಹೇಳಿ ಬರೆಸಿ ನೋಡಿದೆ. ಸಂಭಾಷಣೆಗೆ ಅದು ಚೆನ್ನಾಗಿ ಒದಗಿತು, ಉಸಿರು ಸರಿಯಾದ ಜಾಗದಲ್ಲಿ ನಿಂತಿತು. ನಿರೂಪಣೆ ಮಾತ್ರ ಭಾಷಣವಾಯಿತು. ಅವನ ಎದುರಿಗೆ ಅನ್ನಾ ಎಂಬ ಶೀಘ್ರಲಿಪಿಗಾರ್ತಿ ಕೂತಿದ್ದಳು. ಕೇಳುವ ಮುಖವೊಂದು ಎದುರಿಗಿದ್ದರೆ ಬರುವ ಮಾತೇ ಬೇರೆ.

ಮುಂದಿನ ವರ್ಷದ ಏರ್ಪಾಡು ಹೀಗೆ. ಪದ ಎಣಿಸುವ ಸೌಲಭ್ಯವನ್ನು ಪರದೆಯಿಂದ ತೆಗೆದುಹಾಕಿದ್ದೇನೆ. ಮಾರ್ಚಿಯವರೆಗೆ ಈ ಕಾದಂಬರಿಯನ್ನು ಪೆನ್ನಿನಲ್ಲಿ ಮೊದಲಿನಿಂದ ಬರೆಯುವುದು, ದಿನಕ್ಕೆ 90 ನಿಮಿಷ. ಏಪ್ರಿಲಿನಲ್ಲಿ ಎರಡನೆಯ ಕಾದಂಬರಿಗೆ ಕೂರುವುದು. ಮೊದಲ ನಾಲ್ಕು ತಿಂಗಳು ಗಡಿಯಾರ ಮಾತ್ರ, ಪಾತ್ರಗಳ ಗುಟ್ಟು ಗೊತ್ತಾದ ಮೇಲೆ ದೃಶ್ಯದ ಲೆಕ್ಕ. ಪ್ರತಿ ಐದು ದೃಶ್ಯಕ್ಕೊಮ್ಮೆ ಏನೂ ನಡೆಯದ ಒಂದು ಪುಟವನ್ನೂ ಬರೆಯಬೇಕೆಂದು ಗೋಡೆಗೆ ಚೀಟಿ ಅಂಟಿಸಿದ್ದೇನೆ. ಅದಕ್ಕೂ ಮೊದಲು, ನಾಳೆ ಬೆಳಗ್ಗೆ, ತಂಗಿ ಪತ್ರವನ್ನು ಬಟ್ಟೆಗಳ ನಡುವೆ ಇಟ್ಟು ಅಕ್ಕ ಬರುವವರೆಗೆ ಕಾಯುವ ಆ ಮಧ್ಯಾಹ್ನ. ಇಂದು ಸಂಜೆ ಅದರ ಮೊದಲ ವಾಕ್ಯದ ಅರ್ಧ ಮಾತ್ರ ಬರೆದು ಎದ್ದಿದ್ದೇನೆ.